ತಿನ್ನದ ಇಲಿಗೆ ಹೊಟ್ಟೆ ತುಂಬಿದೆಯೇ?

ಬೊಜ್ಜು ಮತ್ತು ಹಸಿವಿನ ನಿಯಂತ್ರಣದ ಸಂಶೋಧನೆಯಲ್ಲಿ ಬಹುಕಾಲ ಕಳೆದವರಿಗೆ ಒಂದು ಪ್ರಶ್ನೆ ಅಭ್ಯಾಸವಾಗಿಬಿಡುತ್ತದೆ. ಔಷಧ ಕೊಟ್ಟ ಇಲಿಗಳು ಕಡಿಮೆ ತಿಂದವೆಂಬ ನಕ್ಷೆಯನ್ನು ಹೊಸ ವಿದ್ಯಾರ್ಥಿಯೊಬ್ಬರು ಸಂಭ್ರಮದಿಂದ ತಂದು ತೋರಿಸಿದಾಗ ನಾನು ಮೊದಲು ಕೇಳುವುದು, ತಿನ್ನುವುದನ್ನು ಬಿಟ್ಟ ಮೇಲೆ ಅವು ಏನು ಮಾಡಿದವು ಎಂದು. ಹೊಟ್ಟೆ ತುಂಬಿದರೂ ಊಟ ನಿಲ್ಲುತ್ತದೆ. ವಾಕರಿಕೆ, ನೋವು, ಮಂಪರು, ಹೆದರಿಕೆ ಇವುಗಳಲ್ಲಿ ಯಾವುದಾದರೂ ಸಾಕು, ಆಗಲೂ ನಿಲ್ಲುತ್ತದೆ. ತಕ್ಕಡಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಈ ಎಚ್ಚರ ನಮ್ಮ ಕ್ಷೇತ್ರಕ್ಕೆ ಹೊಸದೇನಲ್ಲ. ಕರುಳು ಸ್ರವಿಸುವ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನು ಇಲಿಗಳ ಆಹಾರ ಸೇವನೆಯನ್ನು ತಗ್ಗಿಸುತ್ತದೆ ಎಂದು ಗಿಬ್ಸ್, ಯಂಗ್ ಮತ್ತು ಸ್ಮಿತ್ 1973ರಲ್ಲಿ ತೋರಿಸಿದಾಗ, ಇಲಿಗೆ ಸುಮ್ಮನೆ ಮೈ ಸರಿಯಿಲ್ಲದಿರಬಹುದಲ್ಲವೇ ಎಂಬ ಆಕ್ಷೇಪ ಎದ್ದೇ ಎದ್ದಿತು. 1975ರಲ್ಲಿ ಅದೇ ಗುಂಪಿನಿಂದ ಬಂದ ಪ್ರಯೋಗವನ್ನು ನಾನು ಇಂದಿಗೂ ಪಾಠವಾಗಿ ಹೇಳುತ್ತೇನೆ. ಇಲಿಯ ಜಠರಕ್ಕೆ ನಳಿಕೆ ಜೋಡಿಸಿ ತೆರೆದಿಟ್ಟರೆ ಕುಡಿದ ದ್ರವಾಹಾರವೆಲ್ಲ ಹೊರಗೆ ಹರಿದುಹೋಗುವುದರಿಂದ, ಹಸಿದ ಇಲಿ ಬಿಡದೆ ಕುಡಿಯುತ್ತಲೇ ಇರುತ್ತದೆ. ಅದಕ್ಕೆ ಈ ಹಾರ್ಮೋನನ್ನು ಕೊಟ್ಟಾಗ ಕುಡಿಯುವುದನ್ನು ನಿಲ್ಲಿಸಿ, ಮೈ ನೆಕ್ಕಿ ಸ್ವಚ್ಛಮಾಡಿಕೊಂಡು, ಒಂದಿಷ್ಟು ಸುಳಿದಾಡಿ, ಆಮೇಲೆ ಮಲಗಿತು. ನಿಜವಾಗಿ ಉಂಡ ಇಲಿಯೂ ಮಾಡುವುದು ಇದನ್ನೇ. ಆಹಾರಕ್ಕೆ ಕಹಿಯಾದ ಕ್ವಿನೈನ್ ಬೆರೆಸಿದಾಗಲೂ ಕುಡಿಯುವುದು ನಿಂತಿತು, ಆದರೆ ಇಲಿ ಮಲಗಲಿಲ್ಲ. ಇಷ್ಟು ಅಚ್ಚುಕಟ್ಟಾದ ಹೋಲಿಕೆ ನಮ್ಮ ಶಾಸ್ತ್ರದಲ್ಲಿ ಅಪರೂಪ.

ಇಲಿಗಳಿಗೆ ವಾಂತಿ ಮಾಡಲು ಬರುವುದಿಲ್ಲವೆಂಬುದು ಇನ್ನೊಂದು ತೊಡಕು. ಹೊಟ್ಟೆ ತೊಳಸಿದಾಗ ಅವು ಮಣ್ಣು ತಿನ್ನುತ್ತವೆ. ಆದ್ದರಿಂದ ಪಂಜರದಲ್ಲಿ ಆಹಾರದ ಪಕ್ಕದಲ್ಲೇ ಕೇಯೊಲಿನ್ ಎಂಬ ಬಿಳಿ ಜೇಡಿಮಣ್ಣಿನ ಗುಳಿಗೆಗಳನ್ನಿಟ್ಟು, ಬೆಳಿಗ್ಗೆ ಎರಡನ್ನೂ ಬೇರೆಬೇರೆಯಾಗಿ ತೂಗುತ್ತೇವೆ. ಹಾಸಿನ ಹೊಟ್ಟಿನಲ್ಲಿ ಉದುರಿದ ಪುಡಿಯನ್ನು ಸೋಸಿ ತೆಗೆಯುವ ಕೆಲಸ ಯಾರಿಗೂ ಪ್ರಿಯವಲ್ಲ. ಆದರೆ ದಿನಕ್ಕೆ 3ರಿಂದ 5 ಗ್ರಾಂ ಮಾತ್ರ ತಿನ್ನುವ ಸಣ್ಣಿಲಿಯ ವಿಷಯದಲ್ಲಿ ಆ ಪುಡಿಯನ್ನು ಬಿಟ್ಟರೆ ಲೆಕ್ಕವೇ ಹಾಳು. ಇದರ ಜೊತೆಗೆ ರುಚಿಯ ಪರೀಕ್ಷೆಯೂ ಇದೆ: ಹೊಸದೊಂದು ಸಿಹಿನೀರನ್ನು ಕುಡಿಸಿದ ಬೆನ್ನಲ್ಲೇ ಔಷಧ ಕೊಟ್ಟು, ಮುಂದೆ ಇಲಿ ಆ ರುಚಿಯನ್ನು ದೂರವಿಡುತ್ತದೆಯೇ ಎಂದು ನೋಡುವುದು. ಹೊಟ್ಟೆ ತೊಳಸುವಂತೆ ಮಾಡುವ ಲಿಥಿಯಂ ಕ್ಲೋರೈಡ್ ಎಂಬ ಲವಣವನ್ನು ಕೊಟ್ಟ ಇಲಿ ಅದನ್ನು ಖಂಡಿತ ದೂರವಿಡುತ್ತದೆ.

ಹೆದರಿಕೆಯ ಪಾಲನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಪಿವೈವೈ 3-36 ಎಂಬ ಕರುಳಿನ ಹಾರ್ಮೋನಿನ ಕತೆಯನ್ನು ನೋಡಬೇಕು. ಅದು ಹಸಿವನ್ನು ತಗ್ಗಿಸುತ್ತದೆಂಬ ವರದಿ 2002ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದಿತು. 2004ರಲ್ಲಿ ಹಲವು ಪ್ರಯೋಗಾಲಯಗಳು ಒಟ್ಟಾಗಿ, ಇಲಿಗಳಲ್ಲಿ ನಮಗೆ ಆ ಫಲಿತಾಂಶ ಸಿಗುತ್ತಿಲ್ಲವೆಂದು ಅದೇ ಪತ್ರಿಕೆಯಲ್ಲಿ ಬರೆದವು. ಮನುಷ್ಯರ ಕೈಗೆ ಮತ್ತು ಸೂಜಿಗೆ ಪಳಗದ ಇಲಿ ಬೆದರಿ ಮೊದಲೇ ಊಟ ಕಡಿಮೆ ಮಾಡಿರುವುದರಿಂದ ಔಷಧದ ಪರಿಣಾಮ ಕಾಣದೆ ಹೋಗುತ್ತದೆ ಎಂಬುದು ಮೂಲ ಸಂಶೋಧಕರ ಉತ್ತರವಾಗಿತ್ತು. ಆ ವಾದದಲ್ಲಿ ಯಾರದು ಎಷ್ಟು ಸರಿ ಎಂಬುದು ಏನೇ ಇರಲಿ, ಪ್ರಯೋಗಕ್ಕೆ ಮುಂಚಿನ ದಿನಗಳಲ್ಲಿ ಬರೀ ಉಪ್ಪುನೀರಿನ ಚುಚ್ಚುಮದ್ದು ಕೊಟ್ಟು ಇಲಿಗಳನ್ನು ಪಳಗಿಸುವ ಪದ್ಧತಿಯನ್ನು ನಮ್ಮಲ್ಲಿ ಯಾರೂ ಕಾಲಹರಣವೆಂದು ಕರೆಯುವುದಿಲ್ಲ. ಅವಸರ ಮಾಡುವವರಿಗೆ ಈ ಕೆಲಸ ಒಗ್ಗುವುದಿಲ್ಲ.

ಈಗ ಈ ಹಳೆಯ ಪ್ರಶ್ನೆ ಮನುಷ್ಯರ ಚಿಕಿತ್ಸೆಗೇ ಬಂದು ನಿಂತಿದೆ. ಹಸಿವು ತಗ್ಗಿಸಿ ತೂಕ ಇಳಿಸುವ ಸೆಮಾಗ್ಲುಟೈಡ್ ಎಂಬ ಔಷಧದ ಬಗ್ಗೆ 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 68 ವಾರಗಳ ನಂತರ ಔಷಧ ಪಡೆದವರ ತೂಕ ಸರಾಸರಿ ಶೇ. 14.9ರಷ್ಟು ಇಳಿದಿತ್ತು, ಅವರಲ್ಲಿ ಶೇ. 44ರಷ್ಟು ಮಂದಿಗೆ ವಾಕರಿಕೆಯೂ ಆಗಿತ್ತು. ಇಂಥ ಔಷಧಗಳು ಭಾರತದಲ್ಲೂ ಸಿಗತೊಡಗಿರುವುದರಿಂದ, ಹೊಟ್ಟೆ ತೊಳಸಿ ಊಟ ಬಿಟ್ಟು ಸಣ್ಣಗಾಗುವುದೇನು ದೊಡ್ಡ ಸಾಧನೆ ಎಂದು ಬಂಧುಗಳು ನನ್ನನ್ನೇ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ವಾಕರಿಕೆ ಆಗದವರಲ್ಲೂ ತೂಕ ಚೆನ್ನಾಗಿಯೇ ಇಳಿಯುತ್ತದೆ, ವಾಕರಿಕೆ ಸಾಮಾನ್ಯವಾಗಿ ಪ್ರಮಾಣ ಏರಿಸುವ ಆರಂಭದ ಹಂತದಲ್ಲಿ ಹೆಚ್ಚು ಎಂದು ನಾನು ಹೇಳುತ್ತೇನೆ. ಅದಕ್ಕಿಂತ ಗಟ್ಟಿಯಾದ ಉತ್ತರ ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಮೊನೆಲ್ ಸಂಶೋಧನಾ ಕೇಂದ್ರದಿಂದ 2024ರಲ್ಲಿ ಬಂದಿದೆ. ಮೆದುಳಿನ ಹಿಂಭಾಗದಲ್ಲಿ ಅಕ್ಕಪಕ್ಕದಲ್ಲೇ ಇರುವ ಎರಡು ನೆಲೆಗಳಲ್ಲಿ ಈ ಔಷಧ ಹಿಡಿಯುವ ನರಕೋಶಗಳಿವೆ. ಒಂದನ್ನು ಪ್ರಚೋದಿಸಿದರೆ ಇಲಿ ಜುಗುಪ್ಸೆಯಿಲ್ಲದೆ ಊಟ ಮುಗಿಸುತ್ತದೆ, ಇನ್ನೊಂದನ್ನು ಪ್ರಚೋದಿಸಿದರೆ ಊಟವನ್ನೂ ಬಿಡುತ್ತದೆ, ಆಗ ಸವಿದ ರುಚಿಯನ್ನೂ ದ್ವೇಷಿಸತೊಡಗುತ್ತದೆ. ಈ ಎರಡನೆಯದನ್ನು ತಡೆದಿಟ್ಟಾಗಲೂ ಔಷಧವು ಆಹಾರ ಸೇವನೆಯನ್ನು ತಗ್ಗಿಸಿತು. ಮೊದಲನೆಯ ನೆಲೆಯನ್ನಷ್ಟೇ ಮುಟ್ಟುವ ಔಷಧವನ್ನು ಹೇಗೆ ಮಾಡುವುದೆಂಬುದು ನಮ್ಮ ಪ್ರಯೋಗಾಲಯದ ಸಭೆಗಳಲ್ಲಿ ಸದ್ಯಕ್ಕೆ ಹೆಚ್ಚು ಹೊತ್ತು ತಿನ್ನುವ ಚರ್ಚೆ.