ಶಿರಾಡಿ ಏರಿನಲ್ಲಿ ಸೋರಿಹೋದ ಗಾಳಿ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪ ಅಮ್ಮನನ್ನು ಕುಕ್ಕೆ ಸುಬ್ರಹ್ಮಣ್ಯಕ್ಕೆ ಕರೆದೊಯ್ದು ಹಾಸನಕ್ಕೆ ಮರಳುತ್ತಿದ್ದೆ. ಗುಂಡ್ಯ ದಾಟಿ ಶಿರಾಡಿ ಘಾಟಿಯ ಏರು ಶುರುವಾದ ಸ್ವಲ್ಪ ಹೊತ್ತಿಗೆ ನಮ್ಮ ಡೀಸೆಲ್ ಕಾರಿನ ಪಿಕಪ್ ಒಮ್ಮೆಲೇ ಬಿದ್ದುಹೋಯಿತು. ಮೂರನೇ ಗೇರಿನಲ್ಲಿ ಸಲೀಸಾಗಿ ಹತ್ತುತ್ತಿದ್ದ ಗಾಡಿ ಎರಡಕ್ಕೆ ಇಳಿಸಿದರೂ ತಿಣುಕತೊಡಗಿತು. ಕನ್ನಡಿಯಲ್ಲಿ ನೋಡಿದರೆ ಕಪ್ಪು ಹೊಗೆ, ಹೊಗೆಯ ಹಿಂದೆಯೇ ಒಂದು ಗ್ಯಾಸ್ ಟ್ಯಾಂಕರ್. ಎಡಗಡೆ ಕುಳಿತಿದ್ದ ಅಪ್ಪ ಕಿಟಕಿಯ ಗಾಜು ಇಳಿಸಿ, “ಈ ಕಡೆ ಏನೋ ಬುಸುಗುಡ್ತಾ ಇದೆ ಕಣೋ” ಎಂದರು. ಒದ್ದೆ ರಸ್ತೆಯ ಮೇಲೆ ಟೈರಿನ ಸದ್ದಿರಬೇಕೆಂದುಕೊಂಡು ನಾನು ಅದಕ್ಕೆ ಗಮನ ಕೊಡಲಿಲ್ಲ. ಎಂಜಿನ್ ದೀಪ ಹೊತ್ತಿತ್ತು, ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಮುಳ್ಳು 3,000 ಸುತ್ತು ದಾಟುತ್ತಿರಲಿಲ್ಲ. ಸಕಲೇಶಪುರ ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು.

ಮರುದಿನ ತೋರಿಸಿದ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದಾಗ ಪಿ 0299 ಎಂಬ ಕೋಡ್ ಬಂತು. ನಿಂತ ಗಾಡಿಯ ಎಂಜಿನನ್ನು ನಾಲ್ಕು ಸಲ ರೇಸ್ ಮಾಡಿ ನೋಡಿ, ಟರ್ಬೊ ಹೋಗಿದೆ, ಹೊಸದು ಹಾಕಬೇಕು, 60,000 ರೂಪಾಯಿ ಆಗುತ್ತದೆ ಎಂದರು. ಟರ್ಬೊ ಎಂದರೆ ಹೊರಹೋಗುವ ಹೊಗೆಯ ಬಲದಿಂದ ತಿರುಗಿ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಭಾಗ. ಆ ಕೋಡ್ ಹೇಳುವುದು ಇಷ್ಟೇ: ಎಂಜಿನ್ನಿನ ಕಂಪ್ಯೂಟರ್ ಕೇಳಿದಷ್ಟು ಗಾಳಿಯ ಒತ್ತಡ ಸಿಗುತ್ತಿಲ್ಲ. ಯಾಕೆ ಸಿಗುತ್ತಿಲ್ಲ ಎಂಬುದನ್ನು ಅದು ಹೇಳುವುದಿಲ್ಲ. ಸೋರುವ ಹೋಸ್, ಕಟ್ಟಿಕೊಂಡ ಏರ್ ಫಿಲ್ಟರ್, ಬಿರುಕುಬಿಟ್ಟ ವ್ಯಾಕ್ಯೂಮ್ ಪೈಪ್, ಮಸಿ ಹಿಡಿದು ಅಲುಗಾಡದ ಟರ್ಬೊ ರೆಕ್ಕೆಗಳು, ತಪ್ಪು ಲೆಕ್ಕ ಕೊಡುವ ಸೆನ್ಸರ್, ಇವುಗಳಲ್ಲಿ ಯಾವುದಿದ್ದರೂ ಬರುವ ಕೋಡ್ ಅದೇ. ಹಾಗಾಗಿ ಗಾಡಿಯನ್ನು ಅಲ್ಲಿಂದ ತಂದು, ಸಣ್ಣ ಶೆಡ್ಡಿನಲ್ಲಿ ಕೆಲಸ ಮಾಡುವ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ಒಪ್ಪಿಸಿದೆ. ಅವರ ಜೊತೆ ನಿಂತು ನೋಡಿದ ಆ ಒಂದು ದಿನದ ಕೆಲಸವನ್ನೇ ಇಲ್ಲಿ ಬರೆಯಹೊರಟಿದ್ದೇನೆ.

ಅವರು ಮೊದಲು ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿ, ಒತ್ತಡದ ಸೆನ್ಸರ್ ಏನು ಹೇಳುತ್ತದೆಂದು ನೋಡಿದರು. 90 ಕಿಲೋಪ್ಯಾಸ್ಕಲ್ ಇತ್ತು. ಸಮುದ್ರ ಮಟ್ಟದಲ್ಲಿ ವಾತಾವರಣದ ಒತ್ತಡ ಸುಮಾರು 101. ಹಾಸನ ಸಮುದ್ರ ಮಟ್ಟದಿಂದ ಹೆಚ್ಚುಕಡಿಮೆ 950 ಮೀಟರ್ ಮೇಲಿರುವುದರಿಂದ ಇಲ್ಲಿ 90ರ ಆಸುಪಾಸು ಇರಲೇಬೇಕು. ಅಂದರೆ ಸೆನ್ಸರ್ ಸರಿಯಿದೆ. ಈ ಲೆಕ್ಕದಲ್ಲಿ ಹಲವರು ಎಡವುತ್ತಾರೆ. ಸ್ಕ್ಯಾನರಿನಲ್ಲಿ 210 ಎಂದು ಕಂಡರೆ ಅಷ್ಟೂ ಟರ್ಬೊ ಕೊಟ್ಟದ್ದಲ್ಲ, ಅದರಲ್ಲಿ 90 ವಾತಾವರಣದ್ದು, ಟರ್ಬೊ ಸೇರಿಸಿದ್ದು 120 ಮಾತ್ರ. ಅದೇ 210ನ್ನು ಮಂಗಳೂರಿನಲ್ಲಿ ಮುಟ್ಟಲು ಟರ್ಬೊ 109 ಸೇರಿಸಿದರೆ ಸಾಕು. ಒಂದೇ ಅಂಕಿ ಮುಟ್ಟಲು ನಮ್ಮ ಕಡೆ ಅದು ಹೆಚ್ಚು ದುಡಿಯಬೇಕಾಗುತ್ತದೆ.

ಬಳಿಕ ರಸ್ತೆಗೆ ಹೋದೆವು. ನಿಂತಲ್ಲೇ ರೇಸ್ ಮಾಡಿ ಟರ್ಬೊ ಪರೀಕ್ಷಿಸುವುದರಲ್ಲಿ ಅರ್ಥವಿಲ್ಲ ಎಂಬುದು ಅವರ ಖಚಿತ ಅಭಿಪ್ರಾಯ. ಭಾರ ಬೀಳದ ಎಂಜಿನ್ ಹೆಚ್ಚು ಒತ್ತಡವನ್ನು ಕೇಳುವುದೇ ಇಲ್ಲ, ಕೇಳದ ಮೇಲೆ ಕೊರತೆ ಕಾಣುವುದಾದರೂ ಹೇಗೆ? ಮೂರನೇ ಗೇರಿನಲ್ಲಿ, 2,200 ಸುತ್ತಿನ ಹತ್ತಿರ, ಏರು ರಸ್ತೆಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕಂಪ್ಯೂಟರ್ ಕೇಳಿದ್ದು 210, ಸಿಕ್ಕಿದ್ದು 150. ನಮ್ಮ ಭಾವನ ಬಳಿ ಇದೇ ಮಾದರಿಯ ಕಾರಿದೆ. ಅದನ್ನೂ ತರಿಸಿ ಅದೇ ರಸ್ತೆಯಲ್ಲಿ ಅದೇ ರೀತಿ ಓಡಿಸಿದಾಗ 205 ಬಂತು. ಆದರೆ ಫಿಲ್ಟರಿನ ಬಳಿ ಒಳಬರುವ ಗಾಳಿಯನ್ನು ಅಳೆಯುವ ಮೀಟರ್ ಎರಡೂ ಗಾಡಿಗಳಲ್ಲಿ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಿತು.

ಮೆಕ್ಯಾನಿಕ್ ಆ ಅಂಕಿಯನ್ನು ಎರಡು ಬಾರಿ ನೋಡಿ, “ಟರ್ಬೊ ಗಾಳಿ ಎಳೀತಾ ಇದೆ ಸರ್, ಎಂಜಿನ್‌ಗೆ ತಲುಪ್ತಾ ಇಲ್ಲ ಅಷ್ಟೇ” ಎಂದರು. ನನ್ನ ಮಟ್ಟಿಗೆ ಆ ದಿನದ ತಿರುಳೇ ಈ ಮಾತು. ಟರ್ಬೊ ನಿಜಕ್ಕೂ ಸೋತಿದ್ದರೆ ಎಳೆದ ಗಾಳಿಯೂ ಕಡಿಮೆ ಇರಬೇಕಿತ್ತು, ಒತ್ತಡವೂ ಕಡಿಮೆ ಇರಬೇಕಿತ್ತು. ಗಾಳಿ ಸಾಕಷ್ಟು ಒಳಬಂದೂ ಒತ್ತಡ ಏರದಿದ್ದರೆ ಅದು ನಡುದಾರಿಯಲ್ಲಿ ಸೋರುತ್ತಿದೆ ಎಂದೇ ಅರ್ಥ. ಕಪ್ಪು ಹೊಗೆಯ ಕಾರಣವೂ ಇದರಲ್ಲೇ ಇತ್ತು: ಮೀಟರ್ ಎಣಿಸಿದ ಗಾಳಿಗೆ ತಕ್ಕಂತೆ ಕಂಪ್ಯೂಟರ್ ಡೀಸೆಲ್ ಸುರಿಯುತ್ತದೆ, ಆದರೆ ಎಣಿಸಿದ ಗಾಳಿಯಲ್ಲಿ ಒಂದು ಪಾಲು ಸಿಲಿಂಡರ್ ಸೇರುವುದೇ ಇಲ್ಲ.

ಅಷ್ಟಾದರೂ ಅವರು ಬೇರೆ ಸಾಧ್ಯತೆಗಳನ್ನು ಹಾಗೇ ಬಿಡಲಿಲ್ಲ. ಎಂಜಿನ್ ಚಾಲೂ ಮಾಡಿದಾಗ ವ್ಯಾಕ್ಯೂಮಿನ ಬಲದಿಂದ ಟರ್ಬೊ ರೆಕ್ಕೆಗಳನ್ನು ಅಲುಗಿಸುವ ಪಕ್ಕದ ಕಡ್ಡಿ ಒಳಕ್ಕೆಳೆದುಕೊಳ್ಳುವುದನ್ನೂ, ಆಫ್ ಮಾಡಿದಾಗ ಹಿಂದಿರುಗುವುದನ್ನೂ ನೋಡಿದರು. ಕೈಪಂಪಿನಿಂದ ವ್ಯಾಕ್ಯೂಮ್ ಕೊಟ್ಟು ಅದು ಇಳಿಯದೆ ನಿಲ್ಲುವುದನ್ನು ಖಾತ್ರಿಪಡಿಸಿಕೊಂಡರು. ಫಿಲ್ಟರ್ ಕಡೆಯ ಪೈಪ್ ಬಿಚ್ಚಿ ಟರ್ಬೊದ ಶಾಫ್ಟನ್ನು ಬೆರಳಿನಿಂದ ಅಲುಗಾಡಿಸಿದರು. ಅಡ್ಡಕ್ಕೆ ಕೂದಲೆಳೆಯಷ್ಟು ಆಟವಿತ್ತು. ಶಾಫ್ಟ್ ಎಣ್ಣೆಯ ಪದರದ ಮೇಲೆ ತೇಲುತ್ತ ತಿರುಗುವುದರಿಂದ ಅಷ್ಟು ಆಟ ಸಹಜ. ಹಿಂದೆ ಮುಂದೆ ಆಡುತ್ತಿರಲಿಲ್ಲ, ರೆಕ್ಕೆ ಗೋಡೆಗೆ ಉಜ್ಜಿದ ಗುರುತೂ ಇರಲಿಲ್ಲ.

ಆಮೇಲೆ ಟರ್ಬೊದ ಬಾಯಿಗೆ, ಟೈರಿನ ವಾಲ್ವ್ ಕೂರಿಸಿದ ಪಿವಿಸಿ ಮುಚ್ಚಳವೊಂದನ್ನು ಕ್ಲಿಪ್ ಹಾಕಿ ಬಿಗಿದು, ಕಂಪ್ರೆಸರಿನಿಂದ ಮೆಲ್ಲಗೆ 15 ಪೌಂಡ್ ಗಾಳಿ ತುಂಬಿಸಿದರು. ಮುಚ್ಚಳ ಸಿಡಿದರೆ ಅಪಾಯವೆಂದು ನನ್ನನ್ನು ಬದಿಗೆ ನಿಲ್ಲಿಸಿದ್ದರು. ಎಂಜಿನ್ ಆಯಿಲ್ ಹಾಕುವ ಬಾಯಿಯಿಂದ ಸಣ್ಣ ಸದ್ದು ಬಂದಾಗ ನಾನು ಗಾಬರಿಯಾದೆ. ತೆರೆದಿರುವ ವಾಲ್ವಿನ ಮೂಲಕ, ಪಿಸ್ಟನ್ ರಿಂಗ್ ಸಂದಿಯಿಂದ ಅಷ್ಟು ಗಾಳಿ ಇಳಿಯುವುದು ಸಹಜವೆಂದು ಅವರು ತಿಳಿಸಿಕೊಟ್ಟರು. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿಗೆ ಅದ್ದಿ ನೋಡುವ ಹಾಗೆ, ಸೋಪು ನೀರನ್ನು ಒಂದೊಂದೇ ಜೋಡಣೆಯ ಮೇಲೆ ಸುರಿಯುತ್ತ ಹೋದರು. ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನಿಂದ ಎಂಜಿನ್ನಿಗೆ ಬರುವ ರಬ್ಬರ್ ಹೋಸಿನ ಎಡ ಮಗ್ಗುಲಲ್ಲಿ, ಬ್ರಾಕೆಟ್ಟೊಂದು ಉಜ್ಜಿ ಸವೆದ ಜಾಗದಲ್ಲಿ ನೊರೆ ಉಕ್ಕಿತು. ಅಲ್ಲಿ ಎರಡಂಗುಲ ಉದ್ದದ ಸೀಳಿತ್ತು. ಗಾಳಿ ನಿಲ್ಲಿಸಿದರೆ ಸೀಳಿನ ತುಟಿಗಳು ಕೂಡಿಕೊಂಡು ಕಣ್ಣಿಗೇ ಬೀಳುತ್ತಿರಲಿಲ್ಲ. ಸುತ್ತ ಎಣ್ಣೆಗೆ ಅಂಟಿದ ಧೂಳಿನ ಕರೆಯೊಂದೇ ಹೊರಗಿನ ಸುಳಿವು. ಅಪ್ಪ ಹೇಳಿದ ಬುಸುಗುಟ್ಟುವ ಸದ್ದು ನನಗೆ ಆಗ ನೆನಪಾಯಿತು.

ಹೊಸ ಹೋಸಿಗೆ 2,800 ರೂಪಾಯಿ ಆಯಿತು. ಉಜ್ಜುತ್ತಿದ್ದ ಬ್ರಾಕೆಟ್ಟನ್ನು ಬಗ್ಗಿಸಿ ದೂರ ಮಾಡಿದ ನಂತರವೇ ಅವರು ಹೋಸ್ ಹಾಕಿದರು. ಹೀಗೆ ಸೋರುವಾಗ ಕೊರತೆ ತುಂಬಲು ಟರ್ಬೊ ಇನ್ನೂ ಜೋರಾಗಿ ತಿರುಗುತ್ತದೆ. ಸಣ್ಣ ಕಾರುಗಳ ಟರ್ಬೊ ನಿಮಿಷಕ್ಕೆ 2 ಲಕ್ಷ ಸುತ್ತು ಮುಟ್ಟುವಂಥದ್ದು. ಹೊಸ ಟರ್ಬೊವನ್ನೇ ಹಾಕಿಸಿದ್ದರೂ ಸೀಳಿದ ಹೋಸ್ ಅಲ್ಲೇ ಉಳಿದು, ಅದನ್ನೂ ಹೀಗೇ ದಣಿಸುತ್ತಿತ್ತೆಂದು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಮುಂದಿನ ಭಾನುವಾರ ಅಪ್ಪನೊಡನೆ ಗುಂಡ್ಯದವರೆಗೆ ಇಳಿದು ಮತ್ತೆ ಅದೇ ಏರು ಹತ್ತಿದೆ. ಮೆಕ್ಯಾನಿಕ್ ಕೊಟ್ಟಿದ್ದ ಸ್ಕ್ಯಾನರ್ ಅಪ್ಪನ ಕೈಯಲ್ಲಿತ್ತು. ಕೇಳಿದ್ದೆಷ್ಟು, ಸಿಕ್ಕಿದ್ದೆಷ್ಟು ಎಂದು ಅವರು ಒಂದೊಂದೇ ಅಂಕಿ ಓದುತ್ತಿದ್ದರು. 210ಕ್ಕೆ 206, 208ಕ್ಕೆ 207. ಕನ್ನಡಿಯಲ್ಲಿ ಹೊಗೆ ಕಾಣಲಿಲ್ಲ. ಅರ್ಧ ಘಾಟಿ ಏರಿದ ಮೇಲೆ ಅಪ್ಪ ಸ್ಕ್ಯಾನರನ್ನು ಮಡಿಲಲ್ಲಿಟ್ಟು, ತಮ್ಮ ಕಡೆಯ ಗಾಜು ಇಳಿಸಿ, ತುಸು ಹೊರಕ್ಕೆ ಬಾಗಿ ಕಿವಿಗೊಟ್ಟು ಕುಳಿತರು.