ಜೂನ್ ಒಂದಕ್ಕೆ ಹದಿನೆಂಟು

ನಮ್ಮ ಕಡೆ ಶಾಲೆಯ ದಾಖಲೆಗಳಲ್ಲಿ ಜೂನ್ 1ರಂದು ಹುಟ್ಟಿದವರು ಬಹಳ. ಜನನ ಪತ್ರ ಇಲ್ಲದ ಮಗುವನ್ನು ಸೇರಿಸಿಕೊಳ್ಳುವಾಗ ಮೇಷ್ಟ್ರು ವಯಸ್ಸು ಹೊಂದಲಿ ಅಂತ ಬರೆದುಕೊಂಡ ತಾರೀಖು ಅದು. ಮನೆ ಇರುವವರಿಗೆ ಅದರಿಂದ ಏನೂ ಬಾಧಕವಿಲ್ಲ. ಬಾಲಮಂದಿರದಲ್ಲೋ ಸಾಕು ಕುಟುಂಬದಲ್ಲೋ ಬೆಳೆದವರಿಗೆ ಮಾತ್ರ ಮುಂಗಾರು ಘಟ್ಟ ಹತ್ತುವ ಹೊತ್ತಿಗೇ ಹದಿನೆಂಟು ತುಂಬಿ, ಅಲ್ಲಿಂದ ಹೊರಡಬೇಕಾಗುತ್ತದೆ. ಪಿಯುಸಿ ಮುಗಿದಿರುತ್ತದೆ, ಡಿಗ್ರಿ ಹಾಸ್ಟೆಲ್ ಸೀಟು ಇನ್ನೂ ಸಿಕ್ಕಿರುವುದಿಲ್ಲ. ಹುಡುಗರು ಓದು ಬಿಟ್ಟು ತೋಟದ ಕೂಲಿಗೋ ಬೆಂಗಳೂರು ಬಸ್ಸಿಗೋ ಹತ್ತುವುದು ಈ ಸಂದಿಯಲ್ಲೇ.

2015ರ ಬಾಲನ್ಯಾಯ ಕಾಯ್ದೆಯ 46ನೇ ಸೆಕ್ಷನ್‌ನಲ್ಲಿ ಇವರಿಗೆ ಆಫ್ಟರ್‌ಕೇರ್ (ಬಾಲಮಂದಿರದಂಥ ಸಂಸ್ಥೆ ಬಿಟ್ಟ ಮೇಲಿನ ನೆರವು) ಇದೆ: ನಿಯಮದಂತೆ 21ರವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ ₹4,000. ಆದರೆ ಕಾಯ್ದೆ ಹೆಸರಿಸುವುದು ಸಂಸ್ಥೆ ಬಿಡುವವರನ್ನು. ಸಾಕು ಕುಟುಂಬದಿಂದ ಹೊರಡುವವರು ತಮಗೂ ಅನ್ವಯಿಸುತ್ತದೆಯೇ ಎಂದು ಮಕ್ಕಳ ಕಲ್ಯಾಣ ಸಮಿತಿಗೆ ಅರ್ಜಿ ಕೊಟ್ಟು, ಲಿಖಿತ ಉತ್ತರ ಪಡೆಯಬೇಕು. ಬಿಡುಗಡೆಗೆ ಎರಡು ತಿಂಗಳು ಮೊದಲು, ಹೊರಗೆ ಬಂದ ಮೇಲೆ ಮುಂದೇನು ಎಂಬ ಯೋಜನೆ ಸಲ್ಲಿಸಬೇಕೆನ್ನುತ್ತದೆ ನಿಯಮ. ಎರಡು ತಿಂಗಳು ಏತಕ್ಕೂ ಸಾಲದು. ಹದಿನೇಳು ತುಂಬಿದ ತಿಂಗಳೇ ಕೂರಬೇಕು.

ಕೂರುವುದು ಮೊದಲು ಕಾಗದಗಳ ಮುಂದೆ. ಹದಿನೈದಕ್ಕೆ ಆಗಬೇಕಿದ್ದ ಆಧಾರ್ ಬಯೋಮೆಟ್ರಿಕ್ ಆಗಿದೆಯೇ? ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರು, ಇನಿಷಿಯಲ್, ಜನ್ಮ ದಿನಾಂಕ ಆಧಾರ್‌ಗೆ ಅಕ್ಷರಕ್ಕೆ ಅಕ್ಷರ ಕೂಡುತ್ತವೆಯೇ? ಕೂಡದಿದ್ದರೆ ತಿದ್ದಬೇಕಾದ್ದು ಆಧಾರನ್ನು. ಅಂಕಪಟ್ಟಿ ತಿದ್ದುಪಡಿ ಶಾಲೆಯಿಂದ ಹೊರಟು ಬೆಂಗಳೂರಿನ ಮಂಡಳಿ ಮುಟ್ಟಿ ಬರುವಷ್ಟರಲ್ಲಿ ಕಾಲೇಜು ಶುರುವಾಗಿರುತ್ತದೆ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಎರಡೇ ಅವಕಾಶ, ಜನ್ಮ ದಿನಾಂಕಕ್ಕೆ ಒಂದೇ. ಅವಸರದಲ್ಲಿ ಸೈಬರ್ ಸೆಂಟರ್ ಹುಡುಗನ ಕೈಗೆ ಕೊಟ್ಟು ಕೂರಬೇಡಿ.

ಇನ್ನೊಂದು, ಎಲ್ಲರೂ ಎಡವುವ ಜಾಗ: ಆಧಾರ್‌ಗೆ ಜೋಡಿಸಿರುವುದು ಹೆಚ್ಚಾಗಿ ವಾರ್ಡನ್‌ರ ಮೊಬೈಲ್. ಅವರಿಗೆ ವರ್ಗವಾದರೆ ಒಟಿಪಿಯೂ ಅವರ ಜೊತೆಗೇ ಹೋಯಿತು. ಹದಿನೆಂಟಾದ ವಾರವೇ ಸ್ವಂತ ಹೆಸರಲ್ಲಿ ಸಿಮ್, ಆಮೇಲೆ ಆಧಾರ್ ಕೇಂದ್ರದಲ್ಲಿ ಆ ನಂಬರ್ ಜೋಡಣೆ, ಆಮೇಲೆ ಬ್ಯಾಂಕು. ಮೈನರ್ ಖಾತೆ ತಾನಾಗಿ ಮೇಜರ್ ಆಗುವುದಿಲ್ಲ. ಹೊಸ ಸಹಿ, ಕೆವೈಸಿ ಕೊಡುವವರೆಗೆ ದುಡ್ಡು ತೆಗೆಯಲು ಬಿಡುವುದಿಲ್ಲ. ಸ್ಕಾಲರ್‌ಶಿಪ್ ಹಣ ಹೋಗುವುದು ಕೊನೆಯ ಬಾರಿ ಆಧಾರ್ ಸೀಡ್ ಆದ ಖಾತೆಗೆ. ಬೇರೆಲ್ಲೋ ಹೊಸ ಖಾತೆ ತೆರೆದು, ಹಣ ಬಂದಿಲ್ಲ ಅಂತ ಅಲೆಯುವವರು ಮೊದಲು ನೋಡಬೇಕಾದ್ದು ಇದನ್ನೇ. ಮೂಲ ಅಂಕಪಟ್ಟಿಗಳನ್ನು ಲ್ಯಾಮಿನೇಟ್ ಮಾಡಿಸಬಾರದು. ಹಾಗಂತ ಬರಿದೇ ಇಟ್ಟರೆ ಆಷಾಢದಲ್ಲಿ ಬೂಷ್ಟು ಹಿಡಿಯುವುದು ಗ್ಯಾರಂಟಿ! ಜಿಪ್ ಕವರ್, ಟ್ರಂಕು, ಜೊತೆಗೆ ಡಿಜಿಲಾಕರ್.

₹4,000ದಲ್ಲಿ ಶಿವಮೊಗ್ಗದಲ್ಲಿ ಒಬ್ಬರೇ ರೂಮು ಮಾಡಿ ಉಣ್ಣುವುದು ಆಗದ ಮಾತು. ಮೂವರು ಸೇರಿದರೆ ಏಗಬಹುದು. ಗ್ಯಾಸ್‌ಗೆ ವಿಳಾಸದ ದಾಖಲೆ ಕೇಳುತ್ತಾರೆಂದು ಹೆದರಬೇಕಿಲ್ಲ, 5 ಕೆ.ಜಿ. ಸಿಲಿಂಡರ್ ಬರೀ ಗುರುತಿನ ಚೀಟಿಗೆ ಸಿಗುತ್ತದೆ. ಹುಡುಗಿಯರ ಖರ್ಚಿನ ಪಟ್ಟಿಯಲ್ಲಿ ಬಸ್ಸಿಗೆ ಸೊನ್ನೆ ಬರೆಯಬೇಡಿ: ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ, ತೀರ್ಥಹಳ್ಳಿ, ಹೊಸನಗರದ ಕಡೆ ಓಡುವುದರಲ್ಲಿ ಖಾಸಗಿಯವೇ ಬಹಳ.

ಕೊನೆಗೆ ಕಾಲೇಜು ಅರ್ಜಿಯ 'ಪೋಷಕರ ಸಹಿ' ಕಲಂ. ಅಲ್ಲಿ ಯಾರು ಸಹಿ ಹಾಕಬೇಕೆಂದು ಕೌಂಟರಿನಲ್ಲಿ, ಹತ್ತು ಜನರೆದುರು, ತನ್ನ ಕತೆ ಹೇಳಬೇಕಾಗಿ ಬಂದಾಗ ಎಷ್ಟೋ ಮಕ್ಕಳು ಅರ್ಜಿ ಮಡಚಿಕೊಂಡು ವಾಪಸಾಗುತ್ತಾರೆ. ಸಮಿತಿಯ ಆದೇಶದ ದೃಢೀಕೃತ ಪ್ರತಿ ಐದಾದರೂ ಕೈಯಲ್ಲಿರಲಿ, ಮೊದಲ ದಿನ ಪ್ರಾಂಶುಪಾಲರ ಹತ್ತಿರ ಒಬ್ಬ ದೊಡ್ಡವರು ಜೊತೆಗೆ ಹೋಗಿ ಒಂದನ್ನು ಕೊಟ್ಟು ಬರಲಿ.