ಬ್ವಿಂಡಿಯ ಒಂದು ಗಂಟೆಗಾಗಿ: ತಯಾರಿಯ ದಿನಚರಿ

ಹನ್ನೆರಡು ವಾರ ಬಾಕಿ

ಪರ್ಮಿಟ್ ಕೈಗೆ ಬಂತು! ಜುಲೈ ಕೊನೆಯಲ್ಲಿ ಉಗಾಂಡಾದ ಬ್ವಿಂಡಿ ಕಾಡಿಗೆ ಹೋಗಿ ಗೊರಿಲ್ಲಾಗಳನ್ನು ನೋಡುವುದು ನನ್ನ ಬಹಳ ದಿನದ ಆಸೆ. ವಿದೇಶಿಯರಿಗೆ ಪರ್ಮಿಟ್ 800 ಡಾಲರ್. ಒಂದು ಗೊರಿಲ್ಲಾ ಕುಟುಂಬದ ಹತ್ತಿರ ದಿನಕ್ಕೆ ಎಂಟು ಜನರ ಒಂದು ಗುಂಪಿಗೆ ಮಾತ್ರ ಅವಕಾಶ, ಅದೂ ಒಂದೇ ಗಂಟೆ. ದಿನ ಮೊದಲೇ ಗೊತ್ತಾಗಿರುತ್ತದೆ. ಅದಕ್ಕೇ ಮೊದಲು ಪರ್ಮಿಟ್ ತೆಗೆದುಕೊಂಡೆ, ಆಮೇಲೆ ವಿಮಾನದ ಟಿಕೆಟ್ ಮಾಡಿಸಿದೆ.

ನೆಗಡಿ, ಕೆಮ್ಮು, ಜ್ವರ ಇದ್ದವರನ್ನು ಗೊರಿಲ್ಲಾಗಳ ಹತ್ತಿರ ಬಿಡುವುದಿಲ್ಲ. ನಮ್ಮ ಸಾಮಾನ್ಯ ಶೀತವೇ ಅವುಗಳ ಜೀವಕ್ಕೆ ಅಪಾಯ ತರಬಹುದು. ಹಾಗಾಗಿ ಈ ತಯಾರಿಗೆಲ್ಲ ಒಂದೇ ಗುರಿ ಇಟ್ಟುಕೊಂಡಿದ್ದೇನೆ: ಆ ದಿನ ಬೆಳಿಗ್ಗೆ ಆರೋಗ್ಯವಾಗಿ, ಒಣಗಿದ ಬಟ್ಟೆಯಲ್ಲಿ ಕಾಡಿನ ಬಾಗಿಲಲ್ಲಿ ನಿಂತಿರಬೇಕು.

ಎಂಟು ವಾರ ಬಾಕಿ

ಹಳದಿ ಜ್ವರದ ಲಸಿಕೆ ಆಯಿತು. ಲಸಿಕೆ ಹಾಕಿಸಿಕೊಂಡದ್ದಕ್ಕೆ ಕೊಡುವ ಕಾರ್ಡನ್ನು ಉಗಾಂಡಾ ಕೇಳುತ್ತದೆ. ಅಲ್ಲಿಂದ ಭಾರತಕ್ಕೆ ಮರಳುವಾಗಲೂ ಬೇಕು, ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಲಸಿಕೆ ಹಾಕಿಸಿಕೊಂಡು ಹತ್ತು ದಿನ ಕಳೆದ ಮೇಲಷ್ಟೇ ಕಾರ್ಡ್‌ಗೆ ಬೆಲೆ. 2016ರಿಂದ ಒಂದೇ ಡೋಸ್ ಜೀವನಪೂರ್ತಿ ನಡೆಯುತ್ತದೆ. ಎಲ್ಲ ಆಸ್ಪತ್ರೆಯಲ್ಲೂ ಇದು ಸಿಗುವುದಿಲ್ಲ. ಸರ್ಕಾರ ಗುರುತಿಸಿದ ಕೇಂದ್ರಗಳಿಗೇ ಹೋಗಬೇಕು. ಕೊನೆಯ ವಾರಕ್ಕೆ ಇದನ್ನು ಇಟ್ಟುಕೊಳ್ಳಲೇಬೇಡಿ. ಮೊಟ್ಟೆಯ ಅಲರ್ಜಿ ಇರುವವರು, ಅರವತ್ತು ದಾಟಿದವರು ಮೊದಲು ಡಾಕ್ಟರ ಹತ್ತಿರ ಮಾತಾಡಬೇಕು. ಇದು ಜೀವಂತ ವೈರಸ್ ಇರುವ ಲಸಿಕೆ.

ನನ್ನ ಕಾರ್ಡ್‌ನಲ್ಲಿ ಪಾಸ್‌ಪೋರ್ಟ್ ನಂಬರಿನ ಒಂದು ಅಂಕಿ ತಪ್ಪಾಗಿತ್ತು. ಗೇಟಿನ ಹತ್ತಿರ ನಿಂತು ಓದಿದಾಗ ಕಣ್ಣಿಗೆ ಬಿತ್ತು. ವಾಪಸ್ ಹೋಗಿ ಅಲ್ಲೇ ಸರಿ ಮಾಡಿಸಿಕೊಂಡೆ. ಕಾರ್ಡ್ ಜೇಬಿಗೆ ಹಾಕುವ ಮುಂಚೆ ಪಾಸ್‌ಪೋರ್ಟ್ ಪಕ್ಕ ಇಟ್ಟು ಒಂದೊಂದು ಅಕ್ಷರವನ್ನೂ ನೋಡಿ.

ಟೈಫಾಯ್ಡ್ ಮತ್ತು ಹೆಪಟೈಟಿಸ್ ಎ ಲಸಿಕೆಯೂ ಮುಗಿದಿವೆ.

ಆರು ವಾರ ಬಾಕಿ

ಮಲೇರಿಯಾ ಮಾತ್ರೆ ಯಾವುದು ಅಂತ ಡಾಕ್ಟರ ಜೊತೆ ಕೂತು ಮಾತಾಡಿದೆ. ಡಾಕ್ಸಿಸೈಕ್ಲಿನ್ ಆದರೆ ಊರಿಗೆ ಬಂದ ಮೇಲೂ ನಾಲ್ಕು ವಾರ ನುಂಗಬೇಕು. ಜೊತೆಗೆ ಅದು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತದೆ. ಸಮಭಾಜಕದ ಬಿಸಿಲಿಗೆ ಅದು ಬೇಡ ಅನ್ನಿಸಿತು. ಅಟೊವಕೋನ್-ಪ್ರೊಗ್ವಾನಿಲ್ ಹೊರಡುವ ಒಂದೆರಡು ದಿನ ಮುಂಚೆ ಶುರು ಮಾಡಿ, ಬಂದ ಮೇಲೆ ಏಳು ದಿನ ತೆಗೆದುಕೊಂಡರೆ ಸಾಕು. ನನಗೆ ಅದನ್ನೇ ಬರೆದುಕೊಟ್ಟರು. ಊಟದ ಜೊತೆ, ದಿನಾ ಒಂದೇ ಹೊತ್ತಿಗೆ. ಫೋನಿನಲ್ಲಿ ಅಲಾರಂ ಇಟ್ಟಾಯಿತು.

ಮಾತ್ರೆ ಇದೆ ಅಂತ ಸೊಳ್ಳೆಯನ್ನು ಮರೆಯುವ ಹಾಗಿಲ್ಲ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನವರೆಗೆ. ಡೆಂಗಿ ಹರಡುವ ಈಡಿಸ್ ಹಗಲಲ್ಲೇ ಕಚ್ಚುತ್ತದೆ. ಅಂದರೆ ಎರಡೂ ಹೊತ್ತು ಸೊಳ್ಳೆ ಕ್ರೀಮ್ ಹಚ್ಚಿಕೊಳ್ಳಬೇಕು. ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ಸೊಳ್ಳೆ ಕ್ರೀಮ್. ಡೀಟ್ ಅನ್ನುವ ಸೊಳ್ಳೆ ಓಡಿಸುವ ರಾಸಾಯನಿಕ ಇರುವ ಕ್ರೀಮ್ ಕೆಲವು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಕನ್ನಡಕದ ಫ್ರೇಮ್, ಕ್ಯಾಮೆರಾ ಮುಟ್ಟುವ ಮುಂಚೆ ಕೈ ಒರೆಸಿಕೊಳ್ಳುವ ಅಭ್ಯಾಸ ಈಗಲೇ ಶುರು ಮಾಡಿದ್ದೇನೆ.

ಐದು ವಾರ ಬಾಕಿ

ವಿಮಾನದಿಂದ ಇಳಿಯುವುದು ಪಕ್ಕದ ದೇಶ ರುವಾಂಡಾದ ರಾಜಧಾನಿ ಕಿಗಾಲಿಯಲ್ಲಿ. ಉಗಾಂಡಾದ ವಿಮಾನ ನಿಲ್ದಾಣ ಇರುವ ಎಂಟೆಬೆಯಿಂದ ಬ್ವಿಂಡಿಗೆ ಹತ್ತಿರ ಹತ್ತಿರ ಒಂದು ಇಡೀ ದಿನದ ಪ್ರಯಾಣ. ರುವಾಂಡಾ ಕಡೆಯಿಂದ ದಾರಿ ಕಡಿಮೆ. ಈಸ್ಟ್ ಆಫ್ರಿಕಾ ಟೂರಿಸ್ಟ್ ವೀಸಾಕ್ಕೆ ಅರ್ಜಿ ಹಾಕಿದೆ. 100 ಡಾಲರ್‌ಗೆ ರುವಾಂಡಾ, ಉಗಾಂಡಾ, ಕೀನ್ಯಾ ಮೂರೂ 90 ದಿನ ಸಿಗುತ್ತವೆ. ಮೊದಲು ಯಾವ ದೇಶಕ್ಕೆ ಕಾಲಿಡುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು.

ರುವಾಂಡಾದಲ್ಲಿ 2008ರಿಂದ ಪ್ಲಾಸ್ಟಿಕ್ ಕವರ್ ನಿಷೇಧ. ನಾನು ಎಲ್ಲವನ್ನೂ ಕವರಿನಲ್ಲಿ ಸುತ್ತಿ ಇಡುವ ಜಾಯಮಾನದವನು. ಕವರ್ ಎಲ್ಲ ತೆಗೆದು ಬಟ್ಟೆಯ ಚೀಲಗಳಿಗೆ ಬದಲಾಯಿಸಿದೆ. ಹಾಗೇ ಮಿಲಿಟರಿ ಚಿತ್ತಾರದ ಟೋಪಿಯೂ ಹೊರಗೆ ಹೋಯಿತು, ಉಗಾಂಡಾದಲ್ಲಿ ಸಾಮಾನ್ಯ ಜನ ಅದನ್ನು ಹಾಕುವ ಹಾಗಿಲ್ಲ. ಗಾಢ ನೀಲಿ ಅಂಗಿಯೂ ಬೇಡ. ಹುಲ್ಲುಗಾಡಿನ ಕಡೆ ಇರುವ, ಕಚ್ಚುವ ತ್ಸೆತ್ಸೆ ನೊಣಗಳಿಗೆ ನೀಲಿ, ಕಪ್ಪು ಅಂದರೆ ಬಹಳ ಸೆಳೆತ. ಖಾಕಿ ಮತ್ತು ಮಾಸಲು ಹಸಿರು ಉಳಿದವು.

ಮೂರು ವಾರ ಬಾಕಿ

ಉಷ್ಣವಲಯ ಅಂದ ಕೂಡಲೇ ತೆಳು ಹತ್ತಿ ಬಟ್ಟೆ ಅಂತಲೇ ನನ್ನ ಯೋಚನೆ ಇತ್ತು. ನಕ್ಷೆ ನೋಡಿದ ಮೇಲೆ ಅದು ಬದಲಾಯಿತು. ಬ್ವಿಂಡಿ 1,160 ಮೀಟರ್‌ನಿಂದ 2,607 ಮೀಟರ್ ಎತ್ತರದವರೆಗೆ ಹರಡಿದೆ. ರಾತ್ರಿ ಚಳಿ ಇರುತ್ತದೆ. ಜುಲೈ ಒಣ ಕಾಲವೇ, ಆದರೆ ಮಳೆಕಾಡಲ್ವಾ, ಯಾವಾಗ ಬೇಕಾದರೂ ಸುರಿಯಬಹುದು.

ಹಾಗಾಗಿ ಭಾನುವಾರ ಒಂದು ಪರೀಕ್ಷೆ ಮಾಡಿದೆ. ಹತ್ತಿ ಪ್ಯಾಂಟ್ ಮತ್ತು ಸಿಂಥೆಟಿಕ್ ಪ್ಯಾಂಟ್ ಎರಡನ್ನೂ ನೆನೆಸಿ, ಹಿಂಡಿ, ಕೋಣೆಯೊಳಗೆ ಒಣಹಾಕಿದೆ. ಸಿಂಥೆಟಿಕ್ ನಾಲ್ಕು ಗಂಟೆಯಲ್ಲಿ ಒಣಗಿತು. ಹತ್ತಿಯದು ಮರುದಿನ ಬೆಳಿಗ್ಗೆಯೂ ಸೊಂಟದ ಹತ್ತಿರ ತೇವವಾಗಿಯೇ ಇತ್ತು. ಹತ್ತಿ ಮನೆಯಲ್ಲೇ ಉಳಿಯುತ್ತದೆ.

ಆಮೇಲೆ ಬ್ಯಾಗಿಗೆ ಮಳೆ ಕವರ್ ಹಾಕಿ, ಹತ್ತು ನಿಮಿಷ ಪೈಪಿನಿಂದ ನೀರು ಬಿಟ್ಟೆ. ಮುಂದಿನಿಂದ ಒಂದು ಹನಿಯೂ ಒಳಗೆ ಹೋಗಲಿಲ್ಲ. ಬೆನ್ನಿಗೆ ತಾಗುವ ಕಡೆಯಿಂದ ಜಾಸ್ತಿಯೇ ಹೋಗಿತ್ತು. ಅಲ್ಲಿ ಕವರ್ ಇರುವುದೇ ಇಲ್ಲ! ಈಗ ಕ್ಯಾಮೆರಾ, ಮಾತ್ರೆ, ಪಾಸ್‌ಪೋರ್ಟ್‌ಗೆ ಬಾಯಿ ಮಡಚಿ ಕಟ್ಟುವ ನೀರು ಹೋಗದ ಚೀಲ ಬೇರೆ ತಂದಿದ್ದೇನೆ. ಅದೇ ಪೈಪಿನ ಕೆಳಗೆ ಇಟ್ಟು ನೋಡಿದೆ. ಒಳಗಿಟ್ಟ ಟಿಶ್ಯೂ ಪೇಪರ್ ಒಣಗಿದ ಹಾಗೇ ಇತ್ತು. ಬಹಳ ಸಮಾಧಾನವಾಯಿತು.

ಎರಡು ವಾರ ಬಾಕಿ

ಪರ್ಮೆಥ್ರಿನ್ ಅನ್ನುವ ಕೀಟನಾಶಕದ 0.5% ಸ್ಪ್ರೇಯನ್ನು ಪ್ಯಾಂಟ್, ಅಂಗಿ, ಸಾಕ್ಸ್‌ಗೆ ಹೊಡೆದು ಗಾಳಿಗೆ ಒಣಗಿಸಿದೆ. ಇದು ಬಟ್ಟೆಗೆ ಮಾತ್ರ, ಮೈಗೆ ಹಚ್ಚಬಾರದು. ಮನೆಯಲ್ಲಿ ಬೆಕ್ಕಿದ್ದರೆ ಪೂರ್ತಿ ಒಣಗುವವರೆಗೆ ದೂರ ಇಡಿ, ಬೆಕ್ಕಿಗೆ ಅದು ವಿಷ.

ಡಾಲರ್ ನೋಟುಗಳನ್ನು ಒಂದೊಂದಾಗಿ ನೋಡಿದೆ. ಹರಿದದ್ದು, ಗೀಚಿದ್ದು, 2009ಕ್ಕಿಂತ ಹಳೆಯದು ಅಲ್ಲಿ ನಡೆಯುವುದು ಕಷ್ಟ. ಚಿಲ್ಲರೆ ಖರ್ಚಿಗೆ ಅಲ್ಲೇ ಉಗಾಂಡಾ ಶಿಲ್ಲಿಂಗ್ ಮಾಡಿಸಿಕೊಳ್ಳುತ್ತೇನೆ. ಉಗಾಂಡಾದ ಪ್ಲಗ್‌ಗೆ ಮೂರು ಚಪ್ಪಟೆ ಪಿನ್, ಟೈಪ್ ಜಿ. ಅಡಾಪ್ಟರ್ ಬ್ಯಾಗಿನಲ್ಲಿದೆ. ಮೈ ತುರಿಸುವ ಗಿಡ ಹಿಡಿದು ಹತ್ತಬೇಕಾಗಬಹುದು ಅಂತ ತೋಟದ ಕೆಲಸದ ದಪ್ಪ ಗ್ಲೌಸ್ ಇಟ್ಟಿದ್ದೇನೆ. ಮಾಸ್ಕ್ ಹತ್ತು.

ಉಳಿದಿರುವುದು ಶೂ ಒಂದೇ. ಭಾರದ ಬ್ಯಾಗ್ ಹಾಕಿಕೊಂಡು ದಿನಾ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೇನೆ. ಹತ್ತುವಾಗ ಏನೂ ತೊಂದರೆಯಿಲ್ಲ. ಇಳಿಯುವಾಗ ಹೆಬ್ಬೆರಳು ಮುಂದಕ್ಕೆ ಹೋಗಿ ಒತ್ತುತ್ತಿತ್ತು. ಲೇಸನ್ನು ಕಣಕಾಲಿನ ಹತ್ತಿರ ಬಿಗಿ ಮಾಡಿದ ಮೇಲೆ ನೋವು ಹೋಯಿತು. ಇವತ್ತು ಸಂಜೆ ಶೂವನ್ನು ಪೂರ್ತಿ ನೆನೆಸಿ, ಒಳಗೆ ಹಳೆಯ ಪೇಪರ್ ತುರುಕಿ ಇಟ್ಟಿದ್ದೇನೆ. ಬೆಳಿಗ್ಗೆ ಆರಕ್ಕೆ ಹಾಕಿ ನೋಡಬೇಕು.